ಕಪ್ಪೆ, ಕಾಡುಪಾಪ ಮತ್ತು ‘ಕರೆಂಟ್ ಸೈನ್ಸ್’: ಪ್ರೊ. ಸಿ.ಆರ್. ನಾರಾಯಣರಾವ್

ಕಾಡುಪಾಪವನ್ನು ಕನ್ನಡ ನಾಡಿನ ಜನ ಬಹಳ ಹಿಂದಿನಿಂದ ಬಲ್ಲರು. ಆದರೆ ಅದನ್ನು ಕುರಿತು ಬಲ್ಲದ್ದರಲ್ಲಿ ನಿಜವೆಷ್ಟು, ನಂಬಿಕೆಯೆಷ್ಟು ಎಂದು ಬೇರ್ಪಡಿಸಿ ನೋಡುವ ಕೆಲಸ ಈ ನಾಡಿನಲ್ಲಿ ಆರಂಭವಾದದ್ದು ಇಪ್ಪತ್ತನೆಯ ಶತಮಾನದಲ್ಲಿ. ಆ ಕೆಲಸಕ್ಕೆ ಬೆಂಗಳೂರಿನಲ್ಲಿ ಅಡಿಪಾಯ ಹಾಕಿದವರಲ್ಲಿ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರ ಪ್ರಾಧ್ಯಾಪಕ ಸಿ.ಆರ್. ನಾರಾಯಣರಾವ್ ಪ್ರಮುಖರು. ದಕ್ಷಿಣ ಭಾರತದ ಕಪ್ಪೆಗಳ ಅಧ್ಯಯನಕಾರರೆಂದೂ ‘ಕರೆಂಟ್ ಸೈನ್ಸ್’ ಪತ್ರಿಕೆಯ ಸ್ಥಾಪಕ ಸಂಪಾದಕರೆಂದೂ ವಿಜ್ಞಾನ ವಲಯ ಅವರನ್ನು ಸ್ಮರಿಸುತ್ತದೆ. ಕಾಡುಪಾಪದ ಬಗ್ಗೆ ಅವರು ಮಾಡಿದ ಕೆಲಸ ಮಾತ್ರ ಅಷ್ಟಾಗಿ ಬೆಳಕಿಗೆ ಬಂದಿಲ್ಲ.

ಒಂದು ಪ್ರಾಣಿಯ ವಿಷಯದಲ್ಲಿ ನಂಬಲರ್ಹ ಮಾಹಿತಿ ಎಲ್ಲಿ ಸಿಗುತ್ತದೆ ಎಂಬ ಪ್ರಶ್ನೆಗೆ ಇಂದು ಹತ್ತಾರು ಉತ್ತರಗಳಿವೆ. ನಾರಾಯಣರಾವ್ ಅವರ ಕಾಲದಲ್ಲಿ ಅಂಥ ಮಾಹಿತಿ ಸಿಗುತ್ತಿದ್ದುದೇ ವಿರಳ, ಅದನ್ನು ಸೃಷ್ಟಿಸಿಕೊಳ್ಳಬೇಕಾಗಿತ್ತು. ಪ್ರಾಣಿಯನ್ನು ಕಣ್ಣಾರೆ ನೋಡಬೇಕು, ನೋಡಿದ್ದನ್ನು ಊರು ಮತ್ತು ಹೆಸರಿನ ಸಮೇತ ಬರೆದಿಡಬೇಕು, ಬರೆದದ್ದನ್ನು ಇತರರು ಪರೀಕ್ಷಿಸುವಂತೆ ಪ್ರಕಟಿಸಬೇಕು, ಆಧಾರವಾದ ಮಾದರಿಯನ್ನು ಜೋಪಾನ ಮಾಡಬೇಕು. ಈ ನಾಲ್ಕರಲ್ಲಿ ಮೊದಲ ಮೂರನ್ನು ನಾರಾಯಣರಾವ್ ಜೀವನವಿಡೀ ಮಾಡಿದರು. ನಾಲ್ಕನೆಯದು ಅವರೊಬ್ಬರ ಕೈಯಲ್ಲಿರಲಿಲ್ಲ, ಅದು ಕೈಕೊಟ್ಟಾಗ ಏನಾಯಿತು ಎಂಬುದೂ ಅವರ ಕಥೆಯ ಭಾಗವೇ.

ಕೊಯಮತ್ತೂರಿನಿಂದ ಬೆಂಗಳೂರಿಗೆ

ನಾರಾಯಣರಾವ್ ಹುಟ್ಟಿದ್ದು 1882ರ ಆಗಸ್ಟ್ 15ರಂದು, ಕೊಯಮತ್ತೂರಿನಲ್ಲಿ. ಶಾಲಾ ವಿದ್ಯಾಭ್ಯಾಸ ಬಳ್ಳಾರಿಯಲ್ಲಿ ನಡೆಯಿತು. ಎರಡೂ ಊರುಗಳು ಆಗ ಮದರಾಸು ಪ್ರಾಂತ್ಯದಲ್ಲಿದ್ದವು. ಉನ್ನತ ಶಿಕ್ಷಣಕ್ಕಾಗಿ ಅವರು ಮದ್ರಾಸ್ ಕ್ರಿಶ್ಚಿಯನ್ ಕಾಲೇಜು ಸೇರಿದರು. ಅಲ್ಲಿ ಪ್ರಾಣಿಶಾಸ್ತ್ರ ಬೋಧಿಸುತ್ತಿದ್ದವರು ಪ್ರೊ. ಜೆ.ಆರ್. ಹೆಂಡರ್ಸನ್. ಏಡಿ ಮತ್ತು ಅದರ ಬಂಧುಗಳ ವರ್ಗೀಕರಣದಲ್ಲಿ ಹೆಸರು ಮಾಡಿದ್ದ ಹೆಂಡರ್ಸನ್ ಮುಂದೆ ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯದ ಮುಖ್ಯಸ್ಥರೂ ಆದರು. ಸಂಗ್ರಹಾಲಯದ ಶಿಸ್ತು ಬಲ್ಲ ಗುರುವಿನ ಬಳಿ ಕಲಿತ ಶಿಷ್ಯ ಮುಂದೆ ತಾವೂ ಮಾದರಿಗಳನ್ನು ಸಂಗ್ರಹಿಸಿ ಹೆಸರಿಸುವ ಹಾದಿಯನ್ನೇ ಹಿಡಿದರು.

ಶಿಕ್ಷಕ ತರಬೇತಿ ಪಡೆದು ಕೊಯಮತ್ತೂರು ಮತ್ತು ಎರ್ನಾಕುಲಂನಲ್ಲಿ ಕೆಲಕಾಲ ಬೋಧಿಸಿದ ಬಳಿಕ ನಾರಾಯಣರಾವ್ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಬಂದರು. 1858ರಲ್ಲಿ ಹೈಸ್ಕೂಲಾಗಿ ಆರಂಭವಾಗಿ 1875ರಲ್ಲಿ ಸೆಂಟ್ರಲ್ ಕಾಲೇಜು ಎಂಬ ಹೆಸರು ಪಡೆದಿದ್ದ ಈ ಸಂಸ್ಥೆ, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದಾಗ ಅದರ ಭಾಗವಾಯಿತು. ಅಲ್ಲಿ ಪ್ರಾಣಿಶಾಸ್ತ್ರ ವಿಭಾಗವನ್ನು ಕಟ್ಟಿ ನಿಲ್ಲಿಸುವ ಹೊಣೆ ನಾರಾಯಣರಾವ್ ಅವರ ಹೆಗಲೇರಿತು. 1937ರಲ್ಲಿ ನಿವೃತ್ತರಾಗುವವರೆಗೂ ಅವರು ಆ ವಿಭಾಗದ ಮುಖ್ಯಸ್ಥರಾಗಿದ್ದರು.

ಆಗಿನ ಬೆಂಗಳೂರು ಒಂದು ಊರಾಗಿರಲಿಲ್ಲ. ಪೇಟೆ ಮೈಸೂರು ಸಂಸ್ಥಾನದ ಆಡಳಿತದಲ್ಲಿತ್ತು, ದಂಡು ಪ್ರದೇಶ ಬ್ರಿಟಿಷ್ ರೆಸಿಡೆಂಟರ ಅಧೀನದಲ್ಲಿತ್ತು. 1898ರ ಪ್ಲೇಗಿನಿಂದ ತತ್ತರಿಸಿದ ನಗರ ಗಾಳಿ ಬೆಳಕಿನ ಹೊಸ ಬಡಾವಣೆಗಳನ್ನು ಕಟ್ಟಿಕೊಳ್ಳುತ್ತಿತ್ತು. ದಂಡಿನ ಪೂರ್ವಕ್ಕೆ ಹೀಗೆ ತಲೆಯೆತ್ತಿದ್ದೇ ಇಂದಿನ ಪುಲಿಕೇಶಿನಗರ. ಮೈಸೂರಿನ ಮಹಾರಾಜರಿಗೆ ಬೋಧಕರಾಗಿದ್ದು ಮುಂದೆ ರೆಸಿಡೆಂಟರಾದ ಸ್ಟುವರ್ಟ್ ಫ್ರೇಜರ್ ಅವರ ಹೆಸರಿನಿಂದ ಆಗ ಅದು ಫ್ರೇಜರ್ ಟೌನ್ ಎನಿಸಿಕೊಂಡಿತು. ಅಂಥ ಬಡಾವಣೆಗಳ ಕೊನೆಯ ಸಾಲಿನ ಮನೆಗಳಾಚೆ ಹೊಲ, ಕೆರೆ, ತೋಪುಗಳು. ಕಾಡುಪಾಪಕ್ಕೆ ಬೇಕಾದದ್ದು ದಟ್ಟ ಅಡವಿಯೇ ಅಲ್ಲ. ಮುಳ್ಳುಪೊದೆ, ಬೇಲಿ, ಹೊಲದಂಚಿನ ಮರಸಾಲುಗಳಲ್ಲೂ ಅದು ಬದುಕಬಲ್ಲದು. ಬೆಂಗಳೂರಿನ ಸುತ್ತಣ ಬಯಲುಸೀಮೆ ಅದಕ್ಕೆ ಒಗ್ಗುವ ನೆಲವೇ ಆಗಿತ್ತು.

ಗೊದಮೊಟ್ಟೆಯಿಂದ ಆರಂಭ

ನಾರಾಯಣರಾವ್ ಮೊದಲು ಕೈಗೆತ್ತಿಕೊಂಡದ್ದು ಕಪ್ಪೆಗಳನ್ನು, ಅದರಲ್ಲೂ ಅವುಗಳ ಗೊದಮೊಟ್ಟೆಗಳನ್ನು. ಮಳೆಗಾಲದಲ್ಲಿ ನೀರು ನಿಂತಲ್ಲೆಲ್ಲ ಕಾಣುವ ಈ ಮರಿಗಳಲ್ಲಿ ಯಾವುದು ಯಾವ ಕಪ್ಪೆಯಾಗುತ್ತದೆ ಎಂದು ನಿಖರವಾಗಿ ಹೇಳುವುದು ಸುಲಭವಲ್ಲ. ಬಾಯಿಯ ರಚನೆ, ಹಲ್ಲಿನ ಸಾಲು, ಬಾಲದ ಆಕಾರ ಇವುಗಳನ್ನು ಒಂದೊಂದಾಗಿ ಹೋಲಿಸಬೇಕು. 1918ರಲ್ಲಿ ಅವರು ನೆಲ್ಸನ್ ಅನಂಡೇಲ್ ಅವರೊಂದಿಗೆ ಸೇರಿ ಭಾರತದ ಬಯಲು ನಾಡಿನ ಗೊದಮೊಟ್ಟೆಗಳ ಕುರಿತು ಪ್ರಬಂಧ ಪ್ರಕಟಿಸಿದರು. ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆ 1916ರಲ್ಲಿ ಆರಂಭವಾದಾಗ ಅದರ ಮೊದಲ ನಿರ್ದೇಶಕರಾದವರೇ ಅನಂಡೇಲ್. ಬೆಂಗಳೂರಿನ ಕಾಲೇಜು ಅಧ್ಯಾಪಕರೊಬ್ಬರು ಅವರ ಸಮಕ್ಕೆ ನಿಂತು ಬರೆದದ್ದು ಆ ಕಾಲಕ್ಕೆ ಸಣ್ಣ ಸಂಗತಿಯಾಗಿರಲಿಲ್ಲ.

ಮುಂದೆ ಅವರ ಗಮನ ಪಶ್ಚಿಮ ಘಟ್ಟಗಳತ್ತ ಹರಿಯಿತು. 1920ರಲ್ಲಿ ಕೊಡಗಿನ ಬ್ರಹ್ಮಗಿರಿ ಬೆಟ್ಟಗಳಲ್ಲಿ ಕಾವೇರಿಯ ಜೌಗು ನೆಲದಿಂದ ಬಂದ ಕಪ್ಪೆಯೊಂದನ್ನು ಅವರು ವಿವರಿಸಿದರು. ಪವಿತ್ರ ಜೌಗಿನದು ಎಂಬರ್ಥದ ‘ಸ್ಯಾಂಕ್ಟಿಪಲುಸ್ಟ್ರಿಸ್’ ಎಂಬ ಲ್ಯಾಟಿನ್ ಹೆಸರು ಅದಕ್ಕೆ ದೊರೆಯಿತು. ಕಾವೇರಿಯ ಉಗಮವನ್ನು ನಾಡು ಹೇಗೆ ಕಾಣುತ್ತದೆ ಎಂಬುದು ಹೀಗೆ ಒಂದು ಪುಟ್ಟ ಕಪ್ಪೆಯ ಹೆಸರಿನಲ್ಲಿ ಉಳಿಯಿತು. 1937ರಲ್ಲಿ, ನಿವೃತ್ತಿಯ ವರ್ಷದಲ್ಲೇ, ಸಕಲೇಶಪುರ ಮತ್ತಿತರ ಮಲೆನಾಡ ಭಾಗಗಳ ಅನೇಕ ಕಪ್ಪೆಗಳನ್ನು ಹೊಸ ಪ್ರಭೇದಗಳೆಂದು ಅವರು ಪ್ರಕಟಿಸಿದರು. ಅವುಗಳಲ್ಲಿ ಒಂದಕ್ಕೆ ಶಿಷ್ಯ ಬಿ.ಆರ್. ಶೇಷಾಚಾರ್ ಅವರ ಹೆಸರಿನ ನೆನಪು ಅಂಟಿಕೊಂಡಿದೆ. ಶೇಷಾಚಾರ್ ಮುಂದೆ ದೆಹಲಿ ವಿಶ್ವವಿದ್ಯಾನಿಲಯದಲ್ಲಿ ಪ್ರಾಣಿಶಾಸ್ತ್ರ ಪ್ರಾಧ್ಯಾಪಕರಾಗಿ ದೇಶದಾದ್ಯಂತ ಪ್ರಸಿದ್ಧರಾದರು.

ಕಾಡುಪಾಪದ ಕಡೆಗೆ

ಕಪ್ಪೆಗಳ ನಡುವೆಯೇ ನಾರಾಯಣರಾವ್ ಕಾಡುಪಾಪವನ್ನೂ ಹಿಡಿದರು. 1927ರಲ್ಲಿ ಅವರಿಂದ ಎರಡು ಬರಹಗಳು ಬಂದವು. ಒಂದು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ನಿಯತಕಾಲಿಕದಲ್ಲಿ, ಪ್ರಾಣಿಯ ನಡವಳಿಕೆಯನ್ನು ಕುರಿತದ್ದು. ಇನ್ನೊಂದು ಇಂಗ್ಲೆಂಡಿನ ಸೂಕ್ಷ್ಮದರ್ಶಕ ಶಾಸ್ತ್ರದ ತ್ರೈಮಾಸಿಕದಲ್ಲಿ, ಅದರ ಅಂಡಾಶಯ ಮತ್ತು ಅಂಡದ ರಚನೆಯನ್ನು ಕುರಿತದ್ದು. ಒಂದೇ ವರ್ಷದಲ್ಲಿ, ಒಂದೇ ಪ್ರಾಣಿಯನ್ನು, ಜೀವಂತವಾಗಿಯೂ ಸೂಕ್ಷ್ಮದರ್ಶಕದ ಅಡಿಯಲ್ಲಿಯೂ ನೋಡಿದ ಈ ಜೋಡಿ ಪ್ರಯತ್ನ ಇಂದಿಗೂ ಗಮನ ಸೆಳೆಯುತ್ತದೆ. 1932ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ನಿಯತಕಾಲಿಕದಲ್ಲಿ ಅವರು ಇದೇ ಪ್ರಾಣಿಯ ಅಂಡಾಶಯ ಮತ್ತು ಗರ್ಭಕೋಶದ ದ್ರವಗಳಲ್ಲಿರುವ ಗ್ಲೈಕೋಜನ್ ಹಾಗೂ ಕೊಬ್ಬಿನ ಬಗ್ಗೆ ಬರೆದರು.

ಈ ಶ್ರಮ ಏಕೆ ಬೇಕಾಗಿತ್ತು? ಕಾಡುಪಾಪ ನೋಡಲು ಬೆಕ್ಕಿನ ಮರಿಯಂತೆ ಕಂಡರೂ ಕೋತಿ, ಮುಸಿಯ, ಮನುಷ್ಯರು ಸೇರಿರುವ ಪ್ರೈಮೇಟ್ ಗಣದ ಸದಸ್ಯ. ತೂಕ ಸುಮಾರು ಕಾಲು ಕಿಲೋ. ಬಾಲ ಇಲ್ಲವೆನ್ನುವಷ್ಟು ಮೋಟು. ಇರುಳಿನಲ್ಲಿ ಹುಳು ಹುಪ್ಪಟೆ ಹಿಡಿದು ತಿನ್ನುವ ಇದರ ಕಣ್ಣುಗಳು ಮುಖಕ್ಕೆ ಹೋಲಿಸಿದರೆ ಬಲು ದೊಡ್ಡವು. ಕೆಳದವಡೆಯ ಮುಂದಿನ ಹಲ್ಲುಗಳು ಬಾಚಣಿಗೆಯಂತೆ ಸಾಲುಗಟ್ಟಿವೆ. ಹಿಂಗಾಲಿನ ಎರಡನೆಯ ಬೆರಳಿನಲ್ಲಿ ಮೈ ಕೆರೆದುಕೊಳ್ಳಲು ನೀಳ ಉಗುರಿದೆ. ಮಡಗಾಸ್ಕರಿನ ಲೀಮರ್‌ಗಳ ದೂರದ ದಾಯಾದಿಯಾದ ಇದು, ಪ್ರೈಮೇಟ್ ಕುಲದ ಹಳೆಯ ಕವಲು ಹೇಗಿದ್ದಿರಬಹುದು ಎಂದು ಊಹಿಸಲು ವಿಜ್ಞಾನಿಗಳಿಗೆ ಒದಗಿದ ಅಪರೂಪದ ಕಿಟಕಿ. ಯೂರೋಪಿನ ವಿದ್ವಾಂಸರು ಸಮುದ್ರ ದಾಟಿ ಹುಡುಕುತ್ತಿದ್ದ ಇಂಥ ಪ್ರಾಣಿ ಬೆಂಗಳೂರಿನ ಸುತ್ತಣ ಪೊದೆಗಳಲ್ಲೇ ಇತ್ತು.

ಅದರ ಮಹತ್ವ ಬೇಗನೆ ಸ್ಪಷ್ಟವಾಯಿತು. 1928ರಲ್ಲಿ ಲಂಡನ್ನಿನ ಪ್ರಾಣಿಶಾಸ್ತ್ರ ಸಂಘದ ಪ್ರಕಟಣೆಯಲ್ಲಿ ಕಾಡುಪಾಪದ ಭ್ರೂಣಪೊರೆಗಳ ಬೆಳವಣಿಗೆ ಕುರಿತ ಪ್ರಬಂಧವೊಂದು ಬಂತು. ಪ್ರಸಿದ್ಧ ಭ್ರೂಣಶಾಸ್ತ್ರಜ್ಞ ಜೆ.ಪಿ. ಹಿಲ್ ಅವರ ಜೊತೆ ಅದನ್ನು ಬರೆದವರಲ್ಲಿ ಎ. ಸುಬ್ಬರಾವ್ ಒಬ್ಬರು. ಮನುಷ್ಯರಲ್ಲಿ ತಾಯಿಯ ರಕ್ತವೇ ಮಾಸಿನ ಅಂಗಾಂಶವನ್ನು ನೇರವಾಗಿ ತೊಳೆಯುತ್ತದೆ. ಕಾಡುಪಾಪದಲ್ಲಿ ಗರ್ಭಕೋಶದ ಒಳಪದರ ಹರಿಯದೆ ಹಾಗೆಯೇ ಉಳಿದು, ಭ್ರೂಣದ ಪೊರೆ ಅದಕ್ಕೆ ಅಂಟಿಕೊಂಡಿರುತ್ತದೆ. ಲೀಮರ್‌ಗಳಲ್ಲೂ ಹೀಗೆಯೇ. ಪ್ರೈಮೇಟ್‌ಗಳ ವಂಶವೃಕ್ಷದಲ್ಲಿ ಯಾವ ಕೊಂಬೆ ಎಲ್ಲಿ ಕವಲೊಡೆಯಿತು ಎಂಬ ಚರ್ಚೆಗೆ ಇಂಥ ವಿವರಗಳು ಸಾಕ್ಷ್ಯವಾದವು.

ನಂಬಿಕೆಯ ಬೆಲೆ

ಇದೇ ಪ್ರಾಣಿಯ ಸುತ್ತ ಜನರಲ್ಲಿ ಬೇರೆಯೇ ತಿಳಿವಳಿಕೆ ಹಬ್ಬಿತ್ತು. ಅದರ ಕಣ್ಣಿನಿಂದ ಕಣ್ಣುಬೇನೆಗೆ ಮದ್ದಾಗುತ್ತದೆ, ವಶೀಕರಣಕ್ಕೆ ಅದರ ಅಂಗಾಂಗ ಬೇಕು, ಅದನ್ನು ಕಂಡರೆ ಕೇಡು ಎಂಬಂಥ ನಂಬಿಕೆಗಳು ದಕ್ಷಿಣ ಭಾರತ ಮತ್ತು ಶ್ರೀಲಂಕಾದಲ್ಲಿ ದಾಖಲಾಗಿವೆ. ಕನ್ನಡ ಅದನ್ನು ಕಾಡಿನ ಕೂಸು ಎಂಬ ಅಕ್ಕರೆಯಿಂದ ಕರೆದರೂ, ಹಗಲಿನಲ್ಲಿ ಮುದುಡಿ ಮಲಗುವ, ಹಾರಿ ತಪ್ಪಿಸಿಕೊಳ್ಳಲು ಬಾರದ ಆ ಕೂಸು ಮಾಟಗಾರರ ಕೈಗೆ ಸುಲಭವಾಗಿ ಸಿಕ್ಕಿತು. ಸುಳ್ಳು ಮಾಹಿತಿಯ ಬೆಲೆಯನ್ನು ತೆತ್ತದ್ದು ಪ್ರಾಣಿಯೇ.

ಇನ್ನೊಂದು ಬಗೆಯ ಗೊಂದಲ ಓದು ಬಲ್ಲವರಲ್ಲೇ ಇತ್ತು. ಲೋರಿಸ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ದಕ್ಷಿಣ ಭಾರತ ಮತ್ತು ಶ್ರೀಲಂಕಾದ ತೆಳು ಮೈಯ ಕಾಡುಪಾಪ ಒಂದು. ಅಸ್ಸಾಮಿನಿಂದ ಆಗ್ನೇಯ ಏಷ್ಯಾದವರೆಗೆ ಹಬ್ಬಿರುವ, ದಪ್ಪ ಮೈಯ, ಕಚ್ಚಿದರೆ ನಂಜೇರುವ ಸ್ಲೋ ಲೋರಿಸ್ ಇನ್ನೊಂದು. ಹಳೆಯ ಬರಹಗಳಲ್ಲಿ ಎರಡನೆಯದರ ಇಂಗ್ಲಿಷ್ ಹೆಸರು ಮೊದಲನೆಯದಕ್ಕೂ ಬಳಕೆಯಾಗುತ್ತಿತ್ತು. ಆಡುಮಾತಿನ ಹೆಸರನ್ನಷ್ಟೇ ನೆಚ್ಚಿ ಓದುವವರು ಒಂದು ಪ್ರಾಣಿಯ ಗುಣವನ್ನು ಇನ್ನೊಂದಕ್ಕೆ ಅಂಟಿಸಿಬಿಡುವ ಅಪಾಯ ಅಲ್ಲಿತ್ತು. ನಾರಾಯಣರಾವ್ ತಮ್ಮ ಪ್ರಬಂಧಗಳ ಶೀರ್ಷಿಕೆಯಲ್ಲೇ ‘ಲೋರಿಸ್ ಲಿಡೆಕೇರಿಯಾನಸ್’ ಎಂಬ ವೈಜ್ಞಾನಿಕ ಹೆಸರನ್ನು ನಮೂದಿಸಿದರು. 1908ರಲ್ಲಿ ಸ್ಪೇನಿನ ಆಂಜೆಲ್ ಕಬ್ರೇರಾ ಕೊಟ್ಟ ಹೆಸರದು. ಹಾಗಾಗಿ ಸುಮಾರು ನೂರು ವರ್ಷಗಳ ನಂತರವೂ ಅವರು ಯಾವ ಪ್ರಾಣಿಯನ್ನು ನೋಡಿ ಬರೆದರು ಎಂಬುದರಲ್ಲಿ ಓದುಗರಿಗೆ ಸಂಶಯ ಉಳಿಯುವುದಿಲ್ಲ.

ಒಂದು ಪತ್ರಿಕೆಯ ಹುಟ್ಟು

ಬೆಂಗಳೂರಿನಲ್ಲಿ ಕಂಡುಕೊಂಡ ಸತ್ಯ ಜಗತ್ತಿಗೆ ತಿಳಿಯಬೇಕಾದರೆ ಅದು ಲಂಡನ್ನಿನಲ್ಲಿ ಅಚ್ಚಾಗಬೇಕಾಗಿತ್ತು. ಹಸ್ತಪ್ರತಿ ಹಡಗಿನಲ್ಲಿ ಹೋಗಿ, ಅಚ್ಚಾಗಿ, ಮತ್ತೆ ಹಡಗಿನಲ್ಲಿ ಇಲ್ಲಿಗೆ ಮರಳುವಷ್ಟರಲ್ಲಿ ತಿಂಗಳುಗಳು ಉರುಳುತ್ತಿದ್ದವು. ಮದರಾಸಿನವರು ಮಾಡಿದ ಕೆಲಸ ಲಾಹೋರಿನವರಿಗೆ, ಕಲ್ಕತ್ತೆಯವರದು ಬೆಂಗಳೂರಿನವರಿಗೆ ಸಕಾಲಕ್ಕೆ ತಿಳಿಯುತ್ತಿರಲಿಲ್ಲ. ಇಂಗ್ಲೆಂಡಿನ ‘ನೇಚರ್’ ಮಾದರಿಯಲ್ಲಿ ಎಲ್ಲ ವಿಜ್ಞಾನಗಳಿಗೂ ಸೇರಿದ ಒಂದು ಭಾರತೀಯ ಪತ್ರಿಕೆ ಬೇಕು ಎಂಬ ವಿಚಾರವನ್ನು ಮುಂದಿಟ್ಟು ಅದಕ್ಕಾಗಿ ದುಡಿದವರು ನಾರಾಯಣರಾವ್.

1932ರ ಜನವರಿಯಲ್ಲಿ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ ಅಧಿವೇಶನ ಬೆಂಗಳೂರಿನಲ್ಲೇ ನಡೆಯಿತು. ದೇಶದ ವಿಜ್ಞಾನಿಗಳು ಒಂದೆಡೆ ಕಲೆತ ಆ ವರ್ಷದ ಜುಲೈನಲ್ಲಿ ‘ಕರೆಂಟ್ ಸೈನ್ಸ್’ ಮಾಸಪತ್ರಿಕೆಯ ಮೊದಲ ಸಂಚಿಕೆ ಹೊರಬಂತು. ಸಿ.ವಿ. ರಾಮನ್, ಬೀರಬಲ್ ಸಾಹ್ನಿ, ಮೇಘನಾದ ಸಹಾ, ಶಾಂತಿಸ್ವರೂಪ್ ಭಟ್ನಾಗರ್, ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ಮಾರ್ಟಿನ್ ಫಾರ್ಸ್ಟರ್ ಅವರಂಥ ಘಟಾನುಘಟಿಗಳು ಬೆಂಬಲಕ್ಕೆ ನಿಂತರು. ಸಂಪಾದಕತ್ವದ ದಿನನಿತ್ಯದ ದುಡಿಮೆ ಮಾತ್ರ ಕಾಲೇಜಿನ ಪಾಠ, ಪ್ರಯೋಗಾಲಯಗಳ ಜೊತೆಗೆ ನಾರಾಯಣರಾವ್ ಅವರ ಪಾಲಿಗೆ ಬಂತು. ಅವರು ಸಂಪಾದಕರಾಗಿದ್ದಾಗ, 1933ರಲ್ಲಿ, ದೇಶಕ್ಕೊಂದು ವಿಜ್ಞಾನ ಅಕಾಡೆಮಿ ಬೇಕೆಂಬ ವಿಷಯವನ್ನು ಪತ್ರಿಕೆ ಸಂಪಾದಕೀಯದ ಮೂಲಕವೇ ಚರ್ಚೆಗೆ ತಂದಿತು.

ಅಧ್ಯಾಪಕರೊಬ್ಬರು ಹೊಸ ಪ್ರಭೇದಗಳನ್ನು ವಿವರಿಸುತ್ತ ಹೋಗಿದ್ದರೆ ಅವರ ಪಟ್ಟಿ ಇನ್ನಷ್ಟು ಉದ್ದವಾಗುತ್ತಿತ್ತು. ಸಂಪಾದಕರ ಕುರ್ಚಿಯಲ್ಲಿ ಕೂತು ಬೇರೆಯವರ ಬರಹ ತಿದ್ದುವ, ತೂಗುವ ಕೆಲಸಕ್ಕೆ ಆ ಬಗೆಯ ಕೀರ್ತಿ ಇಲ್ಲ. ಆದರೆ ಒಬ್ಬರು ಹೇಳಿದ್ದನ್ನು ಮತ್ತೊಬ್ಬರು ಪರೀಕ್ಷಿಸಿ ಒಪ್ಪುವ ಅಥವಾ ತಿರಸ್ಕರಿಸುವ ವೇದಿಕೆ ದೇಶದೊಳಗೇ ಇಲ್ಲದಿದ್ದರೆ ನಂಬಲರ್ಹ ಜ್ಞಾನ ಬೆಳೆಯುವುದಿಲ್ಲ. ನಾರಾಯಣರಾವ್ ತಮ್ಮ ಸಮಯದ ದೊಡ್ಡ ಪಾಲನ್ನು ಅಂಥ ವೇದಿಕೆಗೆ ಕೊಟ್ಟರು.

ಕಾಣೆಯಾದ ಸೀಸೆಗಳು

ಹೊಸ ಪ್ರಭೇದವನ್ನು ಹೆಸರಿಸಿದ ವಿಜ್ಞಾನಿ ಅದಕ್ಕೆ ಆಧಾರವಾದ ಮಾದರಿಯನ್ನು ಸಂರಕ್ಷಿಸಿಡುತ್ತಾನೆ. ಮುಂದೆ ಯಾರಿಗೇ ಅನುಮಾನ ಬಂದರೂ ಆ ಸೀಸೆಯನ್ನು ತೆರೆದು ನೋಡಬಹುದು. ನ್ಯಾಯಾಲಯದಲ್ಲಿ ಮೂಲ ದಾಖಲೆಗೆ ಇರುವ ಸ್ಥಾನವೇ ಪ್ರಾಣಿಶಾಸ್ತ್ರದಲ್ಲಿ ಇದಕ್ಕಿದೆ. ನಾರಾಯಣರಾವ್ ತಾವು ವಿವರಿಸಿದ ಕಪ್ಪೆಗಳ ಮೂಲ ಮಾದರಿಗಳನ್ನು ಸೆಂಟ್ರಲ್ ಕಾಲೇಜಿನ ಸಂಗ್ರಹದಲ್ಲಿಟ್ಟಿದ್ದರು. ದಶಕಗಳ ನಂತರ ವಿದ್ವಾಂಸರು ಹುಡುಕಿಕೊಂಡು ಬಂದಾಗ ಅವು ಸಿಗಲಿಲ್ಲ.

ಇದರ ಪರಿಣಾಮ ಗಂಭೀರವಾಗಿತ್ತು. ಅವರು ಹೆಸರಿಸಿದ ಕಪ್ಪೆಗಳಲ್ಲಿ ಕೆಲವು ನಿಜಕ್ಕೂ ಬೇರೆ ಪ್ರಭೇದಗಳೇ, ಅಥವಾ ಮೊದಲೇ ತಿಳಿದಿದ್ದವುಗಳ ಇನ್ನೊಂದು ಹೆಸರೇ ಎಂಬುದು ಬಹುಕಾಲ ಇತ್ಯರ್ಥವಾಗದೆ ಉಳಿಯಿತು. ಪರಿಹಾರಕ್ಕೆ ಉಳಿದದ್ದು ಒಂದೇ ದಾರಿ. ನಾರಾಯಣರಾವ್ ಪ್ರತಿಯೊಂದು ಕಪ್ಪೆಯೂ ಸಿಕ್ಕ ಸ್ಥಳವನ್ನು ಬರೆದಿಟ್ಟಿದ್ದರು. ಆ ಊರು, ಆ ಘಟ್ಟಗಳಿಗೇ ಹೋಗಿ, ಮಳೆಯಲ್ಲಿ ನೆನೆದು, ಅದೇ ಕಪ್ಪೆಯನ್ನು ಹುಡುಕಿ, ಅವರ ವಿವರಣೆಗೆ ತಾಳೆ ನೋಡಬೇಕು. ಇತ್ತೀಚಿನ ದಶಕಗಳಲ್ಲಿ ಹಲವು ತಜ್ಞರು ಹೀಗೆಯೇ ಮಾಡಿ ಅವರ ಕೆಲವು ಪ್ರಭೇದಗಳನ್ನು ಮತ್ತೆ ಕಂಡುಕೊಂಡಿದ್ದಾರೆ. ಸೀಸೆ ಕಳೆದುಹೋದರೂ ಊರಿನ ಹೆಸರು ಉಳಿದಿದ್ದರಿಂದ ಅದು ಸಾಧ್ಯವಾಯಿತು.

ನಲವತ್ತು ವರ್ಷಗಳ ನಂತರದ ಉತ್ತರ

ಕಾಡುಪಾಪದ ಅಂಡಾಶಯದ ವಿಷಯವೂ ಅಲ್ಲಿಗೇ ನಿಲ್ಲಲಿಲ್ಲ. ಸೆಂಟ್ರಲ್ ಕಾಲೇಜಿನ ಇದೇ ವಿಭಾಗದಲ್ಲಿ ಕಪ್ಪೆಗಳ ತಲೆಬುರುಡೆಯ ರಚನೆ ಕುರಿತು ದುಡಿದಿದ್ದ ಎಲ್.ಎಸ್. ರಾಮಸ್ವಾಮಿ ಮುಂದೆ ಜೈಪುರದ ರಾಜಸ್ಥಾನ ವಿಶ್ವವಿದ್ಯಾನಿಲಯಕ್ಕೆ ಹೋದರು. 1962ರಲ್ಲಿ ಅವರು ಟಿ.ಸಿ. ಆನಂದಕುಮಾರ್ ಜೊತೆಗೂಡಿ ಕಾಡುಪಾಪದ ಸಂತಾನೋತ್ಪತ್ತಿ ಚಕ್ರದ ಬಗ್ಗೆ ಬರೆದರು. ಹೆಣ್ಣು ಸಸ್ತನಿಯಲ್ಲಿ ಹುಟ್ಟಿದ ಮೇಲೆ ಹೊಸ ಅಂಡಗಳು ಉಂಟಾಗುವುದಿಲ್ಲ ಎಂಬುದು ಆಗ ಬಲವಾಗಿ ಬೇರೂರಿದ್ದ ಸಿದ್ಧಾಂತ. 1968ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪ್ರಕಟಣೆಯಲ್ಲಿ ಆನಂದಕುಮಾರ್ ಲೋರಿಸ್‌ಗಳ ಅಂಡಗಳ ಹುಟ್ಟನ್ನು ಕುರಿತ ಅಧ್ಯಯನ ಪ್ರಕಟಿಸಿದರು. ವಯಸ್ಕ ಲೋರಿಸ್‌ಗಳ ಅಂಡಾಶಯ ಆ ಸಿದ್ಧಾಂತಕ್ಕೆ ಅಪವಾದ ಒಡ್ಡುವ ಅಪರೂಪದ ಉದಾಹರಣೆಯಾಗಿ ಚರ್ಚೆಗೆ ಬಂತು. 1927ರಲ್ಲಿ ನಾರಾಯಣರಾವ್ ಸೂಕ್ಷ್ಮದರ್ಶಕದಲ್ಲಿ ನೋಡಲು ಹೊರಟ ಅಂಗವೇ ನಲವತ್ತು ವರ್ಷಗಳ ನಂತರ ಜೀವಶಾಸ್ತ್ರದ ದೊಡ್ಡ ಪ್ರಶ್ನೆಯೊಂದರ ನಡುವೆ ನಿಂತಿತ್ತು.

ಆನಂದಕುಮಾರ್ 1986ರಲ್ಲಿ ಮುಂಬೈಯಲ್ಲಿ ಜನಿಸಿದ ಪ್ರನಾಳ ಶಿಶುವಿನ ಹಿಂದಿದ್ದ ವಿಜ್ಞಾನಿಗಳಲ್ಲೊಬ್ಬರಾಗಿ ಹೆಸರಾದರು. ಅದೇ ದೇಶದ ಮೊದಲ ಪ್ರನಾಳ ಶಿಶು ಎಂದು ಪರಿಗಣಿತವಾಗಿತ್ತು. ಆದರೆ ಕಲ್ಕತ್ತೆಯ ಡಾ. ಸುಭಾಷ್ ಮುಖರ್ಜಿ 1978ರಲ್ಲೇ ಆ ಸಾಧನೆ ಮಾಡಿದ್ದರು ಎಂಬುದನ್ನು, ಮುಖರ್ಜಿ ಬಿಟ್ಟುಹೋಗಿದ್ದ ಟಿಪ್ಪಣಿಗಳನ್ನು ಪರಿಶೀಲಿಸಿ, 1997ರಲ್ಲಿ ಒಪ್ಪಿ ಸಾರಿದವರೂ ಆನಂದಕುಮಾರ್ ಅವರೇ. ತಮಗೆ ಸಂದ ಮೊದಲಿಗರೆಂಬ ಪಟ್ಟವನ್ನು ದಾಖಲೆಯ ಬಲದ ಮೇಲೆ ಬಿಟ್ಟುಕೊಟ್ಟ ಈ ಪ್ರಸಂಗ, ನಾರಾಯಣರಾವ್ ಬಯಸಿದ ಬಗೆಯ ವಿಜ್ಞಾನಕ್ಕೆ ಹಿಡಿದ ಕನ್ನಡಿಯಂತಿದೆ.

ಕಾಡು ಕಲಿಸಿದ ಪಾಠ

ನಾರಾಯಣರಾವ್ ಇಳಿವಯಸ್ಸಿನಲ್ಲಿದ್ದಾಗ ಪ್ರೈಮೇಟ್‌ಗಳ ಕುರಿತ ಅರಿವು ಎಷ್ಟು ತುರ್ತಿನದು ಎಂಬುದು ಮೈಸೂರು ರಾಜ್ಯಕ್ಕೆ ಕಹಿಯಾಗಿ ತಿಳಿಯಿತು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಅರಣ್ಯದಲ್ಲಿ ಕೋತಿ, ಮುಸಿಯಗಳು ಸಾಯತೊಡಗಿದವು. ಸುತ್ತಣ ಹಳ್ಳಿಗಳ ಜನ ಜ್ವರದಿಂದ ನರಳಿದರು. ಹಳದಿ ಜ್ವರವಿರಬಹುದೇ ಎಂಬ ಅನುಮಾನ ಮೊದಲು ಕಾಡಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ತಜ್ಞರು ನಡೆಸಿದ ಶೋಧದಲ್ಲಿ ಅದು ಅಲ್ಲಿಯವರೆಗೆ ತಿಳಿಯದಿದ್ದ ವೈರಾಣುವೆಂದೂ, ಅದನ್ನು ಹರಡುವುದು ಕಾಡಿನ ಉಣ್ಣೆಯೆಂದೂ ಗೊತ್ತಾಯಿತು. ಜನ ಅದನ್ನು ಮಂಗನ ಕಾಯಿಲೆ ಎಂದು ಕರೆದರು. ನಿಜದಲ್ಲಿ ಮಂಗವೂ ಮನುಷ್ಯನಂತೆಯೇ ಅದಕ್ಕೆ ಬಲಿ. ಸತ್ತ ಮಂಗ ಕಂಡರೆ ಕೂಡಲೇ ತಿಳಿಸಿ ಎಂದು ಮಲೆನಾಡಿನಲ್ಲಿ ಇಂದಿಗೂ ಜನರನ್ನು ಕೋರುವುದು ಈ ತಿಳಿವಳಿಕೆಯಿಂದಲೇ.

1960ರ ಜನವರಿ 2ರಂದು ನಾರಾಯಣರಾವ್ ನಿಧನರಾದರು. ಅದರ ಮರುವರ್ಷವೇ ಜಪಾನಿನ ಯುಕಿಮಾರು ಸುಗಿಯಾಮ ಧಾರವಾಡದ ಸುತ್ತಣ ಕಾಡುಗಳಲ್ಲಿ ಮುಸಿಯಗಳ ಗುಂಪುಗಳನ್ನು ತಿಂಗಳುಗಟ್ಟಲೆ ಹಿಂಬಾಲಿಸಲು ಆರಂಭಿಸಿದರು. ಗುಂಪಿನ ಒಡೆತನ ಕಸಿದುಕೊಂಡ ಹೊಸ ಗಂಡು ಹಿಂದಿನವನ ಮರಿಗಳನ್ನು ಕೊಲ್ಲುವುದನ್ನು ಅವರು 1965ರಲ್ಲಿ ವರದಿ ಮಾಡಿದಾಗ ಪ್ರಾಣಿವರ್ತನಾ ಶಾಸ್ತ್ರವೇ ಬೆಚ್ಚಿಬಿತ್ತು. ಮೈಸೂರು ವಿಶ್ವವಿದ್ಯಾನಿಲಯದ ಮೇವಾ ಸಿಂಗ್ ಮತ್ತು ಅವರ ಶಿಷ್ಯರು ಮುಂದಿನ ದಶಕಗಳಲ್ಲಿ ದಕ್ಷಿಣ ಭಾರತದ ಪ್ರೈಮೇಟ್‌ಗಳ ಅಧ್ಯಯನವನ್ನು ಬೆಳೆಸಿದರು. 1990ರ ದಶಕದ ಕೊನೆಯಲ್ಲಿ ತಮಿಳುನಾಡಿನ ದಿಂಡಿಗಲ್ ಭಾಗದಲ್ಲಿ ನಡೆದ ಕ್ಷೇತ್ರಾಧ್ಯಯನಗಳು ಕಾಡುಪಾಪವನ್ನು ಅದರ ನೆಲೆಯಲ್ಲೇ ಇರುಳಿಡೀ ಗಮನಿಸಿದವು. ಒಂಟಿ ಜೀವಿ ಎಂದು ಬಗೆದಿದ್ದ ಪ್ರಾಣಿ ಹಗಲಿನಲ್ಲಿ ಗುಂಪಾಗಿ ಮಲಗುವುದು, ತಾಯಿ ಆಹಾರಕ್ಕೆ ಹೋಗುವಾಗ ಮರಿಯನ್ನು ಕೊಂಬೆಯ ಮೇಲೆ ಬಿಟ್ಟುಹೋಗುವುದು ಸ್ಪಷ್ಟವಾಯಿತು.

ಈ ಕೊನೆಯ ಸಂಗತಿ ತಿಳಿಯದೆ ಇದ್ದರೆ ಆಗುವ ಹಾನಿ ದೊಡ್ಡದು. ಕೊಂಬೆಯ 

ಮೇಲೆ ಒಂಟಿಯಾಗಿ ಕೂತ ಮರಿ ಅನಾಥವೆಂದು ಭಾವಿಸಿ ಮನೆಗೆ ಒಯ್ಯುವವರು, ಮರಳಿ ಬರಲಿರುವ ತಾಯಿಯಿಂದ ಅದನ್ನು ಅಗಲಿಸುತ್ತಾರೆ. ಅಲ್ಲದೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿರುವ ಕಾಡುಪಾಪವನ್ನು ಹಿಡಿಯುವುದು, ಸಾಕುವುದು ಅಪರಾಧ.

ನಗರದಲ್ಲಿ ಉಳಿದ ಕೂಸು

ಬೆಂಗಳೂರಿನಲ್ಲಿ ಕಾಡುಪಾಪ ಇನ್ನೂ ಉಳಿದಿದೆ. ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಕೃಷಿ ವಿಶ್ವವಿದ್ಯಾನಿಲಯದ ಗಾಂಧಿ ಕೃಷಿ ವಿಜ್ಞಾನ ಕೇಂದ್ರದಂಥ ಮರಗಳುಳ್ಳ ವಿಶಾಲ ಆವರಣಗಳು ಅದರ ಆಸರೆ. 2014ರಲ್ಲಿ ಆರಂಭವಾದ ನಗರ ಕಾಡುಪಾಪ ಯೋಜನೆಯಲ್ಲಿ ಸಂಶೋಧಕರೊಡನೆ ಸಾಮಾನ್ಯ ನಾಗರಿಕರೂ ರಾತ್ರಿ ಹೊತ್ತು ಅದನ್ನು ಹುಡುಕಿ ದಾಖಲಿಸಿದರು. ಪ್ರಖರ ಬೆಳಕು ಆ ದೊಡ್ಡ ಕಣ್ಣುಗಳನ್ನು ಕಂಗೆಡಿಸುವುದರಿಂದ ಇಂಥ ಸಮೀಕ್ಷೆಗಳಲ್ಲಿ ಟಾರ್ಚಿಗೆ ಕೆಂಪು ಹಾಳೆ ಕಟ್ಟುವುದು ವಾಡಿಕೆ. ಜಿಗಿಯಲಾರದ ಪ್ರಾಣಿ ಕೊಂಬೆಯಿಂದ ಕೊಂಬೆಗೆ ಹಿಡಿದುಕೊಂಡೇ ಸಾಗಬೇಕು. ರಸ್ತೆ ಅಗಲಿಸಲು ಒಂದು ಸಾಲು ಮರ ಕಡಿದರೆ ಅದರ ದಾರಿಯೇ ಕಡಿದಂತೆ. 2022ರಲ್ಲಿ ನೆರೆಯ ತಮಿಳುನಾಡು ಕರೂರು ಮತ್ತು ದಿಂಡಿಗಲ್ ಜಿಲ್ಲೆಗಳ 11,806 ಹೆಕ್ಟೇರ್ ಪ್ರದೇಶವನ್ನು ಕಾಡುಪಾಪದ ಅಭಯಾರಣ್ಯವೆಂದು ಘೋಷಿಸಿತು.

ಪುಲಿಕೇಶಿನಗರದಂಥ ಹಳೆಯ ದಂಡು ಬಡಾವಣೆಗಳ ಸುತ್ತ ಇಂದು ಹೊಲವಿಲ್ಲ, ತೋಪಿಲ್ಲ. ನಗರವಾಸಿಗೆ ಎದುರಾಗುವ ಪ್ರೈಮೇಟ್ ಎಂದರೆ ತಾರಸಿ ಏರಿ ಬರುವ ಕೋತಿ. ದಕ್ಷಿಣ ಭಾರತದಲ್ಲಿ ಮಾತ್ರ ಕಾಣುವ ಈ ಬಾನೆಟ್ ಕೋತಿಯ ಸಂಖ್ಯೆ ಕುಸಿಯುತ್ತಿದ್ದು, ಅಂತರರಾಷ್ಟ್ರೀಯ ಕೆಂಪುಪಟ್ಟಿ ಅದನ್ನು ಅಪಾಯದಂಚಿನ ಪ್ರಾಣಿಗಳ ಸಾಲಿಗೆ ಸೇರಿಸಿದೆ. ಎಲ್ಲೆಲ್ಲೂ ಕೋತಿಗಳೇ ಎಂಬ ಊರಿನ ಅನಿಸಿಕೆಗೂ ಎಣಿಕೆ ಮಾಡಿದವರ ಲೆಕ್ಕಕ್ಕೂ ಇರುವ ಅಂತರ ಇದು. ಕರುಣೆಯಿಂದ ಬಾಳೆಹಣ್ಣು ಕೊಡುವುದು, ಕೋಪದಿಂದ ಹಿಡಿಸಿ ದೂರದ ಕಾಡಿಗೆ ಬಿಡಿಸುವುದು, ಎರಡೂ ಕೋತಿಗೆ ಒಳಿತಾಗುವ ಮಾರ್ಗವಲ್ಲ. ಯಾವುದು ಮಾರ್ಗ ಎಂದು ತಿಳಿಯಲು ಅವುಗಳನ್ನು ನೋಡಿ ಬರೆದವರ ಬಳಿಗೇ ಹೋಗಬೇಕಾಗುತ್ತದೆ.

2010ರಲ್ಲಿ ಎಸ್.ಡಿ. ಬಿಜು ಮತ್ತು ಸಂಗಡಿಗರು ಪಶ್ಚಿಮ ಘಟ್ಟಗಳ ಅತಿ ಎತ್ತರದ ಶಿಖರವಾದ ಆನೆಮುಡಿಯಲ್ಲಿ ಸಿಕ್ಕ ಕಪ್ಪೆಯೊಂದನ್ನು ವಿವರಿಸುತ್ತ, ಪೊದೆಗಪ್ಪೆಗಳಿಗೆ ಒಂದು ಹೊಸ ಕುಲವನ್ನೇ ಸ್ಥಾಪಿಸಿದರು. ನಾರಾಯಣರಾವ್ ಗೌರವಾರ್ಥ ಅದಕ್ಕೆ ‘ರಾವೋರ್ಕೆಸ್ಟಿಸ್’ ಎಂದು ಹೆಸರಿಟ್ಟರು. ಇಂದು ಆ ಕುಲದಲ್ಲಿ 70ಕ್ಕೂ ಹೆಚ್ಚು ಪ್ರಭೇದಗಳಿವೆ. ಶೇಷಾಚಾರ್ ಹೆಸರಿನ ಕಪ್ಪೆಯೂ ಅವುಗಳಲ್ಲೊಂದು. ಆ ಪ್ರಬಂಧ ಪ್ರಕಟವಾದದ್ದು ‘ಕರೆಂಟ್ ಸೈನ್ಸ್’ನಲ್ಲಿ. ಬೆಂಗಳೂರಿನಿಂದಲೇ ಹೊರಡುವ ಆ ಪತ್ರಿಕೆ ಈಗ ಪಾಕ್ಷಿಕ. ಸೆಂಟ್ರಲ್ ಕಾಲೇಜಿನ ಸೀಸೆಗಳು ಉಳಿಯದಿದ್ದರೂ, ಅಲ್ಲಿ ಪಾಠ ಹೇಳಿದ ಮೇಷ್ಟ್ರ ಹೆಸರು ಪ್ರತಿ ಮಳೆಗಾಲದಲ್ಲೂ ಘಟ್ಟದ ಪೊದೆಗಳಲ್ಲಿ ಕೂಗುವ ಕಪ್ಪೆಗಳ ಮೇಲೆ ಉಳಿದಿದೆ.